ಹೊಸ ಮರಗಪ್ಪೆ ತುತ್ತು ಮುಟ್ಟುವ ತನಕ

1ನೇ ದಿನ
ಮರಗಪ್ಪೆ ಮನೆಗೆ ಬಂತು! ಆಸ್ಟ್ರೇಲಿಯಾ, ನ್ಯೂಗಿನಿ ಮೂಲದ ವೈಟ್ಸ್ ಮರಗಪ್ಪೆ. ಸಾಕಿದ ಕಪ್ಪೆಗಳಿಗೇ ಹುಟ್ಟಿದ ಮರಿ. ತೂಕ 9 ಗ್ರಾಂ. ತೊಟ್ಟಿಗೆ ಬಿಟ್ಟ ಕೂಡಲೇ ಹಿಂದಿನ ಗಾಜಿಗೆ ಅಂಟಿಕೊಂಡು, ಕಾಲು ಮಡಚಿ ಮುದ್ದೆಯಾಗಿ ಕೂತಿತು. ಪ್ರಯಾಣದಿಂದ ಗಾಬರಿಯಾಗಿರುತ್ತದೆ, ಇವತ್ತು ಊಟ ಬೇಡ ಅಂದುಕೊಂಡೆ.

3ನೇ ದಿನ
ರಾತ್ರಿ ನಾಲ್ಕು ಕ್ರಿಕೆಟ್ ಹುಳು ಬಿಟ್ಟೆ. ಒಂದು ಹುಳು ಅದರ ಬೆನ್ನ ಮೇಲೇ ಹತ್ತಿ ಇಳಿಯಿತು. ಕಪ್ಪೆ ಅಲುಗಾಡಲಿಲ್ಲ. ಒಂದು ಗಂಟೆ ಕಾದು ಹುಳುಗಳನ್ನೆಲ್ಲ ಹಿಡಿದು ತೆಗೆದೆ. ರಾತ್ರಿಯಿಡೀ ಬಿಟ್ಟರೆ ಹಸಿದ ಹುಳುಗಳು ಕಪ್ಪೆಯ ಚರ್ಮವನ್ನೇ ಕಚ್ಚುತ್ತವೆ.

5ನೇ ದಿನ
ಇವತ್ತೂ ಇಲ್ಲ. ಮನಸ್ಸಿಗೆ ತುಂಬಾ ಕಸಿವಿಸಿ. ಹುಳು ಬದಲಾಯಿಸೋಣ ಅಂದುಕೊಂಡವನು, ಮೊದಲು ಥರ್ಮಾಮೀಟರನ್ನು ಕಪ್ಪೆ ಕೂರುವ ಜಾಗಕ್ಕೇ ಇಟ್ಟು ನೋಡಿದೆ. 20 ಡಿಗ್ರಿ! ಇಷ್ಟು ದಿನ ನಾನು ನೋಡುತ್ತಿದ್ದದ್ದು ದೀಪದ ಹತ್ತಿರದ ಲೆಕ್ಕ. ಕಪ್ಪೆಗೆ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲು ಆಗುವುದಿಲ್ಲ. ಸುತ್ತಲೂ ತಂಪಾದರೆ ತಿಂದದ್ದು ಅರಗುವುದೂ ನಿಧಾನ, ಹಸಿವೂ ಕಡಿಮೆ. ತೊಟ್ಟಿಯ ಪಕ್ಕದ ಗಾಜಿಗೆ ಹೊರಗಿನಿಂದ ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಳೆ) ಅಂಟಿಸಿ, ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಹಾಕಿದೆ. ಈಗ ಹಗಲು 27, ರಾತ್ರಿ 23.

ಮೂರು ಕಡೆ ಗಾಜಿಗೆ ಕಪ್ಪು ಕಾಗದವನ್ನೂ ಹಚ್ಚಿದೆ. ನಾವು ಓಡಾಡುವುದೆಲ್ಲ ಅದಕ್ಕೆ ಕಾಣುತ್ತಿತ್ತು, ಪಾಪ.

7ನೇ ದಿನ
ಬೆಳಿಗ್ಗೆ ನೋಡಿದರೆ ನೀರಿನ ಬಟ್ಟಲಲ್ಲಿ ಹಿಕ್ಕೆ. ಇಷ್ಟು ಖುಷಿಯಾದದ್ದು ಬರೆಯಲೇಬೇಕು. ಹಳೆಯ ಊಟ ಅರಗಿದೆ, ಕಪ್ಪೆ ಗಾಜು ಬಿಟ್ಟು ಕೆಳಗೂ ಇಳಿದಿದೆ. ಕಪ್ಪೆ ಬಾಯಲ್ಲಿ ನೀರು ಕುಡಿಯುವುದಿಲ್ಲ, ಹೊಟ್ಟೆಯ ಕಡೆಯ ಚರ್ಮದಿಂದ ಹೀರಿಕೊಳ್ಳುತ್ತದೆ. ಅದಕ್ಕೇ ಕ್ಲೋರಿನ್ ತೆಗೆದ ನೀರನ್ನೇ ದಿನಾ ಬದಲಾಯಿಸುತ್ತಿದ್ದೇನೆ. ತೂಕ 8 ಗ್ರಾಂ.

8ನೇ ದಿನ
ಸಂಜೆ ಬೆನ್ನು ಗೂನು ಮಾಡಿ, ಮತ್ತೆ ಮತ್ತೆ ಬಾಯಿ ತೆರೆಯುತ್ತಿತ್ತು. ನನಗೆ ಎದೆ ಧಸಕ್ಕೆಂದಿತು. ನೋಡಿದರೆ ಪೊರೆ ಬಿಡುತ್ತಿದೆ! ಮುಂಗಾಲಿನಿಂದ ಸಿಪ್ಪೆ ಎಳೆದು ಎಳೆದು ತಾನೇ ನುಂಗಿತು. ಇಂಥ ಹೊತ್ತಲ್ಲಿ ಊಟ ತೋರಿಸಿ ಕಾಡಬಾರದು ಅಲ್ವಾ? ಸುಮ್ನೆ ಬಿಟ್ಟೆ.

9ನೇ ದಿನ
ಕೋಣೆಯ ದೀಪ ಆರಿಸಿ, ದೂರದಲ್ಲಿ ಒಂದು ಮಂದ ಬೆಳಕು ಮಾತ್ರ ಇಟ್ಟೆ. ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ಚಿಕ್ಕದಾದ ಹುಳುವನ್ನೇ ಆರಿಸಿದೆ. ಮೊಂಡು ತುದಿಯ ಚಿಮಟದಲ್ಲಿ ಹಿಡಿದು, ಮೂತಿಗೆ ತಾಗಿಸದೆ, ಸ್ವಲ್ಪ ದೂರದಲ್ಲಿ ಮೆಲ್ಲಗೆ ಆಡಿಸಿದೆ. ಅಲುಗಾಡದ್ದನ್ನು ಕಪ್ಪೆ ಊಟ ಅಂತ ಗುರುತಿಸುವುದು ಕಷ್ಟ. ಕಪ್ಪೆಯ ತಲೆ ಹುಳುವಿನ ಕಡೆ ತಿರುಗಿತು. ಹಿಂಗಾಲಿನ ಬೆರಳುಗಳು ಪಟಪಟ ಮಿಡಿದವು. ನಾನು ಉಸಿರು ಹಿಡಿದೆ. ಒಂದೇ ನೆಗೆತ, ಹುಳು ಬಾಯೊಳಗೆ! ಕಣ್ಣು ಮುಚ್ಚಿ ಮುಚ್ಚಿ ನುಂಗಿತು. ಕಣ್ಣುಗುಡ್ಡೆಗಳೇ ಒಳಗಿಳಿದು ತುತ್ತನ್ನು ಗಂಟಲಿಗೆ ತಳ್ಳುತ್ತವೆ. ಓದಿ ಗೊತ್ತಿತ್ತು, ಕಣ್ಣಾರೆ ಕಂಡದ್ದು ಇದೇ ಮೊದಲು.

ಇನ್ನೊಂದು ಕೊಡುವ ಆಸೆ ತಡೆದುಕೊಂಡೆ.

11ನೇ ದಿನ
ಚಿಮಟದಿಂದ ಎರಡು. ಒಂದಕ್ಕೆ ಕ್ಯಾಲ್ಸಿಯಂ ಪುಡಿ ಹಚ್ಚಿದ್ದೆ, ತಕರಾರಿಲ್ಲದೆ ತಿಂದಿತು.

14ನೇ ದಿನ
ಇವತ್ತು ಹುಳುಗಳನ್ನು ತೊಟ್ಟಿಗೇ ಬಿಟ್ಟು ಹಿಂದೆ ಸರಿದು ಕೂತೆ. ಕೊಂಬೆಯಿಂದ ತಾನಾಗಿ ಇಳಿದು ಬಂದು ಮೂರನ್ನೂ ಹಿಡಿಯಿತು. ತೂಕ ಮತ್ತೆ 9 ಗ್ರಾಂ. ನಾಳೆ ಬಿಡುವು, ನಾಡಿದ್ದು ರಾತ್ರಿ ಮತ್ತೆ ಮೂರು.