ಸೂಜಿಗೆ ಮೊದಲು ಸ್ಕ್ಯಾನ್

ಡಯಾಲಿಸಿಸ್ ಸೂಜಿ ಹಾಕುವುದಕ್ಕೆಂದು ಅಮ್ಮನ ಎಡಗೈ ಮಣಿಕಟ್ಟಿನಲ್ಲಿ ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿ ಒಂದೂವರೆ ತಿಂಗಳಾಗಿತ್ತು. ಅಲ್ಲಿವರೆಗೆ ಡಯಾಲಿಸಿಸ್ ನಡೆಯುತ್ತಿದ್ದದ್ದು ಕುತ್ತಿಗೆಯ ಪೈಪಿನಲ್ಲಿ. ಉಡುಪಿಯ ಮೇ ತಿಂಗಳ ಸೆಕೆಯಲ್ಲಿ ಅದಕ್ಕೆ ನೀರು ತಾಗಿಸುವಂತಿಲ್ಲ, ಇನ್ಫೆಕ್ಷನ್ ಭಯ ಬೇರೆ. ಅದು ಯಾವಾಗ ತೆಗೆಯುತ್ತಾರೋ ಎಂದು ಅಮ್ಮ ಕಾಯುತ್ತಿದ್ದಳು.

ಅಷ್ಟರಲ್ಲಿ ಡಾಕ್ಟರು ರಕ್ತದ ಹರಿವು ಅಳೆಯುವ ಡಾಪ್ಲರ್ ಸ್ಕ್ಯಾನ್ ಬರೆದರು. "ಕೈ ಝುಂ ಅಂತಿದೆಯಲ್ಲ, ಸುಮ್ನೆ ಖರ್ಚು ಯಾಕೆ?" ಎಂದು ಅಮ್ಮನ ತಕರಾರು. ಮುಟ್ಟಿದರೆ ಝುಂ ಅಂದರೆ ಫಿಸ್ಟುಲಾದಲ್ಲಿ ರಕ್ತ ಹರಿಯುತ್ತಿದೆ ಎಂದು ಅವಳ ಲೆಕ್ಕ. ಶಂಕರಪುರದಿಂದ ಮಣಿಪಾಲದವರೆಗೆ ಬಸ್ಸಿನಲ್ಲೂ ಅದೇ ಮಾತು.

ಫಿಸ್ಟುಲಾ ಎಂದರೆ ಅಪಧಮನಿಯನ್ನು ಸೀದಾ ಅಭಿಧಮನಿಗೆ ಜೋಡಿಸುವುದು. ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೊ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಉಪಾಯ. ರಕ್ತದ ಒತ್ತಡಕ್ಕೆ ಆ ಅಭಿಧಮನಿ, ನಾವು ನರ ಅನ್ನುವುದು, ಹಿಗ್ಗಿ ಗಟ್ಟಿಯಾಗಬೇಕು. ಆಮೇಲೆ ಪ್ರತಿ ಸಲ ಎರಡು ದಪ್ಪ ಸೂಜಿ ತಡೆದುಕೊಳ್ಳುತ್ತದೆ. ಎಲ್ಲರ ಕೈಯಲ್ಲೂ ಅದು ಹಾಗೆ ಬಲಿಯುವುದಿಲ್ಲ.

ಸ್ಕ್ಯಾನ್ ಮಾಡಿದ ಡಾಕ್ಟರು ಜೆಲ್ ಹಚ್ಚಿ ಮಣಿಕಟ್ಟಿನಿಂದ ಮೇಲಕ್ಕೆ ನಿಧಾನ ಹೋದರು. ಅವರು ಹೇಳಿದ ಆರರ ಲೆಕ್ಕ ನನಗೆ ಬಾಯಿಪಾಠವಾಗಿದೆ: ಆರು ವಾರಕ್ಕೆ ನರದ ಅಗಲ 6 ಮಿಲಿಮೀಟರ್, ಚರ್ಮದಿಂದ ಆಳ 6 ಮಿಲಿಮೀಟರ್ ಒಳಗೆ, ಹರಿವು ನಿಮಿಷಕ್ಕೆ 600 ಮಿಲಿಲೀಟರ್. ಅಮ್ಮನ ಹರಿವು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಜೋಡಣೆಯ ಸ್ವಲ್ಪ ಮೇಲೆ ನರ ಕಿರಿದಾಗಿತ್ತು. ಕಿರಿದಾಗುವುದು ಹೆಚ್ಚಾಗಿ ಅಲ್ಲೇ ಅಂತೆ. ಅನುಭವಿ ಕೈಗಳಿಗೆ ಮುಟ್ಟಿದರೇ ಅನುಮಾನ ಬರುತ್ತದೆ, ನಿಜ. ಆದರೆ ಎಷ್ಟು ಕಿರಿದು, ಎಷ್ಟು ಹರಿವು ಎಂದು ಬೆರಳು ಅಳೆಯುವುದಿಲ್ಲ ಅಲ್ವಾ?

ಮುಂದಿನ ವಾರ ಆ ಜಾಗ ಮಾತ್ರ ಮರಗಟ್ಟಿಸಿ, ಸಣ್ಣ ತಂತಿ ತೂರಿಸಿ, ಬಲೂನ್ ಉಬ್ಬಿಸಿ ನರ ಅಗಲ ಮಾಡಿದರು. ಸಂಜೆಗೆ ಮನೆ. ಮತ್ತೊಂದು ಸ್ಕ್ಯಾನಿನಲ್ಲಿ ಹರಿವು ಸಾಕಷ್ಟಾದ ಮೇಲೆಯೇ ಸೂಜಿ. ಅದು ಸರಿಯಾಗಿ ನಡೆಯಿತು ಎಂದಾದ ಮೇಲೆ ಕುತ್ತಿಗೆಯ ಪೈಪು ಹೋಯಿತು, ಅಮ್ಮ ತಲೆಗೆ ಸ್ನಾನ ಮಾಡಿದಳು. ಮಲ್ಲಿಗೆ ಕಟ್ಟಲು ಅಡ್ಡಿಯಿಲ್ಲ ಎಂದರು. ಆ ಕೈಯಲ್ಲಿ ಕೊಡಪಾನ ಎತ್ತಬಾರದು, ಬಿಪಿ ನೋಡಿಸಬಾರದು.

ಡಯಾಲಿಸಿಸ್ಸಿನಲ್ಲಿ ಪಕ್ಕದ ಮಂಚದವರಿಗೆ ಸ್ಕ್ಯಾನ್ ಇಲ್ಲದೆಯೇ ಮೊದಲ ಸೂಜಿ ಹಾಕಿದ್ದರಂತೆ. ರಕ್ತ ಒಳಗೇ ಸೋರಿ ತೋಳು ನೀಲಿಗಟ್ಟಿತ್ತು, ಪುನಃ ಪೈಪೇ ಗತಿಯಾಯಿತು. ಖರ್ಚಿನ ಮಾತು ಎತ್ತುವವರಿಗೆ ನಾನು ಆ ತೋಳಿನ ಕತೆ ಹೇಳುತ್ತೇನೆ. ಅಮ್ಮನಂತೂ ಹೊಸದಾಗಿ ಫಿಸ್ಟುಲಾ ಮಾಡಿಸಿ ಬಂದವರನ್ನು ಹೆಸರು ಕೇಳುವ ಮೊದಲೇ ವಿಚಾರಿಸುತ್ತಾಳೆ: "ಸ್ಕ್ಯಾನ್ ಆಂಡಾ?" ತುಳುವಿನಲ್ಲಿ, ಸ್ಕ್ಯಾನ್ ಆಯ್ತಾ ಅಂತ.