ಸೀಡಿಗೆ ಅರ್ಧ ಗಂಟೆ, ಉಳಿದದ್ದಕ್ಕೆ ಇಡೀ ಶನಿವಾರ

2006ರ ಅಮೆರಿಕದ ಒಂದು ಮನೆ. ಗೋಡೆಯಿಂದ ಬರುವ ಅನಲಾಗ್ ಕೇಬಲ್, ಮೂಲೆ ಸೇರಿದ್ದ ಪೆಂಟಿಯಂ 4 ಕಂಪ್ಯೂಟರ್, 512 ಎಂಬಿ ಮೆಮೊರಿ, ಹೊಸ 250 ಜಿಬಿ ಡಿಸ್ಕ್, ಟಿವಿ ರೆಕಾರ್ಡ್ ಮಾಡುವ ಹಾಪಾಗ್ ಪಿವಿಆರ್-150 ಕಾರ್ಡ್, ಜೊತೆಗೆ ನಾಪ್‌ಮಿತ್ ಸೀಡಿ. ಲಿನಕ್ಸ್ ಎಂಬ ಹೆಸರನ್ನೇ ಕೇಳದವರೂ ರಿಮೋಟ್ ಹಿಡಿದು ಧಾರಾವಾಹಿ ರೆಕಾರ್ಡ್ ಮಾಡುವಂತಾಗಬೇಕು, ಅಷ್ಟೇ ಗುರಿ.

ಕಂಪ್ಯೂಟರನ್ನೇ ಟಿವಿ ರೆಕಾರ್ಡರ್ ಮಾಡುವ ಲಿನಕ್ಸ್ ತಂತ್ರಾಂಶ ಮಿತ್‌ಟಿವಿಯನ್ನು ಬರಿಗೈಯಲ್ಲಿ ಕಟ್ಟಿದವರಿಗೆ ಗೊತ್ತು: ಕಾರ್ಡಿನ ಡ್ರೈವರ್ ಒಂದು ಕಡೆ, ದತ್ತಾಂಶಕ್ಕೆ ಮೈಎಸ್‌ಕ್ಯೂಎಲ್ ಇನ್ನೊಂದು ಕಡೆ, ರಿಮೋಟಿಗೆ ಲಿರ್ಕ್ ಮತ್ತೊಂದು ಕಡೆ. ಅದನ್ನೆಲ್ಲ ನಾಪಿಕ್ಸ್ (ಸೀಡಿಯಿಂದಲೇ ಓಡುವ ಲಿನಕ್ಸ್) ಆಧಾರದ ಒಂದೇ ಸೀಡಿಗೆ ಸೇರಿಸಿದ್ದೇ ನಾಪ್‌ಮಿತ್‌ನ ಉಪಕಾರ. ಆಟೋ ಇನ್‌ಸ್ಟಾಲ್ ಆರಿಸಿ, ಹೆಸರು, ಪಾಸ್‌ವರ್ಡ್, ಟೈಮ್‌ಝೋನ್ ಕೊಟ್ಟರೆ ಅರ್ಧ ಗಂಟೆಯಲ್ಲಿ ಮುಗಿಯಿತು. ಆದರೆ ಅದು ಇಡೀ ಡಿಸ್ಕನ್ನು ಅಳಿಸುತ್ತದೆ. ಹಳೆಯ ಫೋಟೊಗಳಿದ್ದರೆ ಆ ಡಿಸ್ಕಿನ ಕೇಬಲ್ ಮೊದಲೇ ಕಿತ್ತಿಡಿ.

ಕಾರ್ಡಿನ ವಿಷಯದಲ್ಲಿ ಜಿಪುಣತನ ಬೇಡ. ಅಗ್ಗದ ಬಿಟಿ878 ಕಾರ್ಡುಗಳು ಚಿತ್ರವನ್ನು ಹಸಿಯಾಗಿಯೇ ಒಪ್ಪಿಸುತ್ತವೆ, ಕುಗ್ಗಿಸುವ ಹೊರೆ ಸಿಪಿಯು ಮೇಲೆ. ಪಿವಿಆರ್-150 ತಾನೇ ಕುಗ್ಗಿಸಿ ಎಂಪೆಗ್-2 ವಿಡಿಯೊ ಮಾಡಿ ಕೊಡುತ್ತದೆ. ಸೆಕೆಂಡಿಗೆ 4500 ಕಿಲೊಬಿಟ್ ಲೆಕ್ಕದಲ್ಲಿ ಗಂಟೆಗೆ ಸುಮಾರು 2 ಜಿಬಿ. 250 ಜಿಬಿ ಡಿಸ್ಕಿನಲ್ಲಿ ನೂರು ಗಂಟೆಗೆ ಕೊರತೆಯಿಲ್ಲ.

ಮಿತ್‌ಟಿವಿ ತೆರೆಯುವ ಮೊದಲು ಕಾರ್ಡನ್ನು ಒಂಟಿಯಾಗಿ ಪರೀಕ್ಷಿಸಿ: ಟರ್ಮಿನಲ್‌ನಲ್ಲಿ ಕ್ಯಾಟ್ ಆಜ್ಞೆಯಿಂದ ವಿಡಿಯೊ 0 ಸಾಧನವನ್ನು (ಲಿನಕ್ಸ್ ಈ ಕಾರ್ಡಿಗೆ ಕೊಡುವ ಹೆಸರು) ಹತ್ತು ಸೆಕೆಂಡ್ ಒಂದು ಫೈಲಿಗೆ ಸುರಿದು, ಆ ಫೈಲನ್ನು ಓಡಿಸಿ ನೋಡಿ. ಸಾಧನವೇ ತೆರೆಯದಿದ್ದರೆ ಅಥವಾ ಫೈಲ್ ಖಾಲಿಯಿದ್ದರೆ ಈ ಕಾರ್ಡಿನ ಐವಿಟಿವಿ ಡ್ರೈವರಿಗೆ ಫರ್ಮ್‌ವೇರ್ (ಕಾರ್ಡಿಗೆ ತುಂಬುವ ಒಳ ತಂತ್ರಾಂಶ) ಸಿಕ್ಕಿದೆಯೇ ಎಂದು ಮೊದಲು ನೋಡಬೇಕು. ಫೈಲ್ ಬೆಳೆಯುತ್ತಿದ್ದು ತೆರೆಯ ಮೇಲೆ ಬರೀ ಚುಕ್ಕಿ ಕುಣಿದರೆ ಕಾರ್ಡ್ ಸರಿಯಿದೆ, ಚಾನೆಲ್ ಹಿಡಿದಿಲ್ಲ.

ಅಂದು ಮಧ್ಯಾಹ್ನವೆಲ್ಲ ತಿಂದದ್ದು ಈ ಚುಕ್ಕಿಗಳೇ. 2ರಿಂದ 13ರವರೆಗಿನ ಚಾನೆಲ್‌ಗಳು ಸ್ವಚ್ಛ, 14ರಿಂದ ಮುಂದೆ ಏನೂ ಇಲ್ಲ. ಕನೆಕ್ಟರ್ ಬಿಗಿ ಮಾಡಿದ್ದಾಯಿತು, ಸ್ಪ್ಲಿಟರ್ ತೆಗೆದದ್ದಾಯಿತು. ತಪ್ಪು ಇದ್ದದ್ದು ಸೆಟಪ್‌ನ ಆವರ್ತನ ಪಟ್ಟಿಯಲ್ಲಿ: ಕೇಬಲ್ ಬದಲು ಆಂಟೆನಾ ಪ್ರಸಾರದ ಪಟ್ಟಿ ಉಳಿದಿತ್ತು. 13ರವರೆಗೆ ಎರಡೂ ಪಟ್ಟಿಗಳ ಆವರ್ತನ ಒಂದೇ, ಆದ್ದರಿಂದ ಅನುಮಾನವೇ ಬರುವುದಿಲ್ಲ. 14ಕ್ಕೆ ಬಂದರೆ ಪ್ರಸಾರದ್ದು 470 ಮೆಗಾಹರ್ಟ್ಸ್‌ಗೆ ಹಾರುತ್ತದೆ, ಕೇಬಲ್‌ನದು 120ರ ಆಸುಪಾಸಿನಲ್ಲೇ ಇರುತ್ತದೆ.

ಸೆಟಪ್‌ನಲ್ಲಿ ಕಾರ್ಡ್ ಸೇರಿಸಿ, ಕಾರ್ಯಕ್ರಮ ಪಟ್ಟಿಯ ಮೂಲ ಸೇರಿಸಿ, ಆಮೇಲೆ ಇವೆರಡನ್ನೂ ಇನ್‌ಪುಟ್ ಪುಟದಲ್ಲಿ ಗಂಟು ಹಾಕಬೇಕು. ಹಲವರು ಈ ಮೂರನೆಯದನ್ನು ಮರೆತು, ಪಟ್ಟಿ ಬರಲೇ ಇಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಪಟ್ಟಿ ಆಗ ಝ್ಯಾಪ್2ಇಟ್ ಎಂಬ ಸೇವೆಯಿಂದ ಉಚಿತವಾಗಿತ್ತು, ಮೂರು ತಿಂಗಳಿಗೊಮ್ಮೆ ಅವರ ಪ್ರಶ್ನಾವಳಿ ತುಂಬಿದರೆ ಸಾಕಿತ್ತು. (ಅದು 2007ರ ಸೆಪ್ಟೆಂಬರ್ 1ಕ್ಕೆ ನಿಂತು, ಚಂದಾ ಕಟ್ಟುವ ಷೆಡ್ಯೂಲ್ಸ್ ಡೈರೆಕ್ಟ್ ಬಂತು.) ಸೆಟಪ್‌ನಲ್ಲಿ ಬದಲಾವಣೆಗೆ ಮುನ್ನ ಬ್ಯಾಕೆಂಡ್ (ಹಿನ್ನೆಲೆಯಲ್ಲಿ ರೆಕಾರ್ಡ್ ಮಾಡುವ ಭಾಗ) ನಿಲ್ಲಿಸಿ, ಮುಗಿದ ಮೇಲೆ ಮತ್ತೆ ಹಚ್ಚಿ. ಗಡಿಯಾರವನ್ನು ಇಂಟರ್ನೆಟ್ ಮೂಲಕ ಸರಿಹೊಂದಿಸುವ ಎನ್‌ಟಿಪಿ ಮರೆಯಬೇಡಿ, ಗಡಿಯಾರ ಐದು ನಿಮಿಷ ಹಿಂದೆ ಬಿದ್ದರೆ ಪ್ರತಿ ಕಾರ್ಯಕ್ರಮದ ತಲೆಯೇ ಕತ್ತರಿಸಿಹೋಗುತ್ತದೆ. ಶಬ್ದವಿಲ್ಲದಿದ್ದರೆ ಮೊದಲು ಲಿನಕ್ಸ್‌ನಲ್ಲಿ ಶಬ್ದ ಹೊಂದಿಸುವ ಆಲ್ಸಾ ಮಿಕ್ಸರ್ ನೋಡಿ, ಮ್ಯೂಟ್ ಆಗಿರುತ್ತದೆ.

ಇನ್ನೊಂದು ತೊಂದರೆ ಮೊದಲ ದಿನ ಕಾಣುವುದೇ ಇಲ್ಲ. ಇಎಕ್ಸ್‌ಟಿ3 ಎಂಬ ಫೈಲ್ ವ್ಯವಸ್ಥೆಯಲ್ಲಿ 4 ಜಿಬಿ ಫೈಲ್ ಅಳಿಸಿದರೆ ಅದರ ಬ್ಲಾಕ್‌ಗಳ ದಾಖಲೆಯನ್ನೆಲ್ಲ ಓದಿ ಬಿಡಿಸುವಷ್ಟರಲ್ಲಿ ಡಿಸ್ಕ್ ಹಲವು ಸೆಕೆಂಡ್ ಕೈಗೆ ಸಿಗುವುದಿಲ್ಲ, ಆ ಹೊತ್ತಿಗೆ ನಡೆಯುತ್ತಿರುವ ರೆಕಾರ್ಡಿಂಗ್ ತುಂಡಾಗುತ್ತದೆ. ರೆಕಾರ್ಡಿಂಗ್‌ಗಳ ವಿಭಾಗ ಖಾಲಿಯಿರುವಾಗಲೇ ಅದನ್ನು ಎಕ್ಸ್‌ಎಫ್‌ಎಸ್ ಅಥವಾ ಜೆಎಫ್‌ಎಸ್ ಎಂಬ ಬೇರೆ ಫೈಲ್ ವ್ಯವಸ್ಥೆಗೆ ಬದಲಿಸಿಬಿಡಿ.

ಊರಿಗೆ ಹೋಗುವಾಗ ಇದನ್ನೇ ಅಪ್ಪ ಅಮ್ಮನಿಗೆ ಒಯ್ಯೋಣ ಎಂದು ಆಗ ಹೊರಟವರಿಗೆ ಒಂದು ಮಾತು: ಅಮೆರಿಕದ ಕಾರ್ಡಿನ ಟ್ಯೂನರ್ ಎನ್‌ಟಿಎಸ್‌ಸಿ ಎಂಬ ಅಲ್ಲಿನ ಟಿವಿ ಮಾದರಿಗೆ ಮಾಡಿದ್ದು, ನಮ್ಮ ಆಗಿನ ಕೇಬಲ್ ಪಾಲ್ ಎಂಬ ಬೇರೆ ಮಾದರಿಯದು. ಪಟ್ಟಿಯ ಸೇವೆಯೂ ಆಗ ಉತ್ತರ ಅಮೆರಿಕದ ಚಾನೆಲ್‌ಗಳಿಗಷ್ಟೇ ಇತ್ತು. ಡಬ್ಬ ಒಯ್ಯಬಹುದಿತ್ತು, ಕಾರ್ಡನ್ನು ಊರಲ್ಲೇ ಕೊಳ್ಳಬೇಕಿತ್ತು, ಕಾರ್ಯಕ್ರಮಗಳ ಸಮಯವನ್ನು ಕೈಯಾರೆ ತುಂಬಬೇಕಿತ್ತು.