ಕಲ್ಲಿನ ಮಂಟಪ, ಹಳೇ ಸೀರೆ ಮತ್ತು ಸ್ಟೆಲ್ಲಾ ಕ್ರಾಮ್ರಿಶ್

ಫಿಲಡೆಲ್ಫಿಯಾದಲ್ಲಿರುವ ಮಗಳ ಮನೆಗೆ ಹೊರಡುವ ಮೊದಲೇ ಹೇಳಿಟ್ಟಿದ್ದೆ: ಅಲ್ಲಿನ ಕಲಾ ಮ್ಯೂಸಿಯಂಗೆ ನನಗೊಂದು ಇಡೀ ದಿನ ಬೇಕು ಅಂತ. ಸಿನಿಮಾದಿಂದ ಹೆಸರಾದ ಅದರ ಮೆಟ್ಟಿಲ ಮೇಲೆ ಫೋಟೊ ತೆಗೆಸಿಕೊಳ್ಳಲು ಜನ ಬರುತ್ತಲೇ ಇರುತ್ತಾರೆ. ನನಗೆ ಬೇಕಿದ್ದದ್ದು ಒಳಗಿನ ಭಾರತದ ವಿಭಾಗ. 1954ರಿಂದ ಅದನ್ನು ನೋಡಿಕೊಂಡು ಬೆಳೆಸಿದವರು ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಶ್.

ಎಂ.ಎ. ಓದುವಾಗ ಗ್ರಂಥಾಲಯದಲ್ಲಿ ಅವರ ಪುಸ್ತಕ ಸಿಕ್ಕಿತ್ತು. ಹಿಂದೂ ದೇವಾಲಯದ ಬಗ್ಗೆ ಎರಡು ದಪ್ಪ ಸಂಪುಟ, 1946ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯ ಹೊರತಂದದ್ದು. ಸುಲಭದ ಓದಲ್ಲ. ಒಂದು ಪುಟಕ್ಕೆ ಒಂದು ಸಂಜೆ ಹೋಗುತ್ತಿತ್ತು. ಆದರೆ ಅಲ್ಲಿನ ಒಂದು ವಿಚಾರ ನನ್ನನ್ನು ಬಿಡಲೇ ಇಲ್ಲ. ಗುಡಿ ಶುರುವಾಗುವುದು ಗೋಡೆಯಿಂದಲ್ಲ, ಗೋಪುರದಿಂದಲೂ ಅಲ್ಲ. ನೆಲದ ಮೇಲೆ ಬರೆದ ಒಂದು ಚೌಕದಿಂದ. ಆ ವಾಸ್ತುಪುರುಷ ಮಂಡಲದ ನಡುವಿನಿಂದ ಎಲ್ಲವೂ ಹೊರಕ್ಕೆ, ಮೇಲಕ್ಕೆ ಬೆಳೆಯುತ್ತಾ ಹೋಗುತ್ತದೆ. ಅದನ್ನು ಓದಿದ ಮೇಲೆ ಯಾವ ಗುಡಿಗೆ ಹೋದರೂ ನಾನು ಮೊದಲು ನೆಲ ನೋಡುತ್ತೇನೆ.

ಇದನ್ನು ಬರೆದವರು ಹುಟ್ಟಿದ್ದು 1896ರಲ್ಲಿ, ಆಗಿನ ಆಸ್ಟ್ರಿಯಾ-ಹಂಗೇರಿಯ ಒಂದು ಸಣ್ಣ ಊರಿನಲ್ಲಿ. ಓದಿದ್ದು ವಿಯೆನ್ನಾದಲ್ಲಿ. ರವೀಂದ್ರನಾಥ ಟಾಗೋರರು ಶಾಂತಿನಿಕೇತನಕ್ಕೆ ಕರೆದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಬಂದೇ ಬಿಟ್ಟರು. ಕಲಾಭವನದಲ್ಲಿ ಯುರೋಪಿನ ಕಲೆಯ ಪಾಠ ಮಾಡಿದರು. 1922ರ ಡಿಸೆಂಬರ್‌ನಲ್ಲಿ ಕಲ್ಕತ್ತಾದಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯ ಕಲಾವಿದರ ಪ್ರದರ್ಶನ ನಡೆಯಿತು. ಕ್ಲೀ, ಕ್ಯಾಂಡಿನ್‌ಸ್ಕಿಯವರ ಚಿತ್ರಗಳು ಅಷ್ಟು ದೂರ ಬಂದದ್ದರ ಹಿಂದೆ ಇವರ ಓಡಾಟವಿತ್ತು. ಆಮೇಲೆ 1950ರವರೆಗೆ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಆ ವರ್ಷ ಪತಿ ತೀರಿಕೊಂಡರು. ಅಮೆರಿಕಕ್ಕೆ ಹೊರಟುಬಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಸೇರಿದರು. ಐವತ್ತನಾಲ್ಕು ವಯಸ್ಸು, ಗೊತ್ತಿಲ್ಲದ ದೇಶ, ಜೊತೆಗೆ ಯಾರೂ ಇಲ್ಲ. ಅವರು ಮಾಡಿದ ದೊಡ್ಡ ಕೆಲಸಗಳಲ್ಲಿ ಅರ್ಧದಷ್ಟು ಇನ್ನೂ ಮುಂದಿದ್ದವು. ಈ ಭಾಗವನ್ನು ನೆನೆದಾಗಲೆಲ್ಲ ನನಗೆ ಅವರ ಬಗ್ಗೆ ಗೌರವ ಜಾಸ್ತಿಯಾಗುತ್ತದೆ.

ಮ್ಯೂಸಿಯಂನ ಭಾರತದ ವಿಭಾಗಕ್ಕೆ ಕಾಲಿಟ್ಟರೆ ಎದುರಿಗೇ ಮಧುರೈ ನಿಂತಿರುತ್ತದೆ. ಮದನಗೋಪಾಲಸ್ವಾಮಿ ಗುಡಿಯ ಮಂಟಪ, ಹದಿನಾರನೇ ಶತಮಾನದ್ದು. ಗ್ರಾನೈಟ್ ಕಂಬಗಳು, ಕಂಬಕ್ಕೊರಗಿ ಆಳೆತ್ತರದ ಮೂರ್ತಿಗಳು. 'ಇದು ಇಲ್ಲಿಗೆ ಹೇಗಮ್ಮ ಬಂತು?' ಅಂದಳು ಮಗಳು. ಅಡೆಲಿನ್ ಪೆಪ್ಪರ್ ಗಿಬ್ಸನ್ ಎಂಬ ಈ ಊರಿನ ಹೆಣ್ಣುಮಗಳು 1912ರಲ್ಲಿ ಮಧುರೈಯಲ್ಲಿ ಈ ಬಿಡಿ ಕಲ್ಲುಗಳನ್ನು ಕೊಂಡು ತಂದರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸ್‌ಗೆ ಸೇವೆಗೆ ಹೋದವರು ಅಲ್ಲೇ ತೀರಿಕೊಂಡರು. 1919ರಲ್ಲಿ ಮನೆಯವರು ಮ್ಯೂಸಿಯಂಗೆ ಕೊಟ್ಟರು. ಇಷ್ಟು ಹೇಳಿದೆ. ಮಗಳು ಒಂದು ಕಂಬವನ್ನೇ ನೋಡುತ್ತಾ ನಿಂತಳು. ಆ ಕಲ್ಲಿಗೆ ಅಲ್ಲಿ ಎಣ್ಣೆ ಇಲ್ಲ, ಕರ್ಪೂರದ ಮಸಿ ಇಲ್ಲ, ಒರಗಿ ಕೂತವರ ಬೆನ್ನಿನ ನುಣುಪು ಇಲ್ಲ. ಎಷ್ಟೇ ಚೆನ್ನಾಗಿ ಕಾಪಾಡಿದ್ದರೂ ನನಗೆ ಸಂಕಟವಾಯಿತು. ಅದನ್ನು ಮುಚ್ಚಿಟ್ಟುಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ನಾನು ಬಂದದ್ದು ಈ ಮಂಟಪಕ್ಕಾಗಿ. ಆದರೆ ಆ ದಿನ ಜಾಸ್ತಿ ಹೊತ್ತು ನಿಂತದ್ದು ಒಂದು ಬಟ್ಟೆಯ ಮುಂದೆ.

ಗಾಜಿನ ಹಿಂದೆ ಹರಡಿದ್ದ ಬಂಗಾಳದ ಕಾಂಥಾ ಅದು. ಉಟ್ಟು ಸವೆದ ಬಿಳಿ ಸೀರೆ, ಧೋತಿಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಬಣ್ಣದ ದಾರವನ್ನೂ ಹೆಂಗಸರು ಹಳೇ ಸೀರೆಯ ಅಂಚಿನಿಂದಲೇ ಎಳೆದು ತೆಗೆಯುತ್ತಿದ್ದರಂತೆ. ನಡುವೆ ಅರಳಿದ ಕಮಲ. ನಾಲ್ಕು ಮೂಲೆಯಿಂದ ಕಮಲದ ಕಡೆಗೆ ಬಾಗಿದ ನಾಲ್ಕು ಗಿಡ. ನಡುನಡುವೆ ಆನೆ, ಮೀನು, ಪಲ್ಲಕ್ಕಿ. ಇವೆಲ್ಲ ಬಿಟ್ಟು ಉಳಿದ ಜಾಗದಲ್ಲಿ ಬಿಳಿ ಮೇಲೆ ಬಿಳಿ ದಾರದ ಸಾದಾ ಹೊಲಿಗೆ, ಒತ್ತೊತ್ತಾಗಿ. ಬಗ್ಗಿ ಓರೆಯಾಗಿ ನೋಡಿದರೆ ಬಟ್ಟೆಯ ಮೈಯೆಲ್ಲ ಸಣ್ಣಗೆ ಸುಕ್ಕುಗಟ್ಟಿತ್ತು, ಗಾಳಿಗೆ ಕೆರೆಯ ನೀರು ಕದಲಿದ ಹಾಗೆ. ಆನೆಯ ಕಿವಿಯ ಹತ್ತಿರ ಕೆಂಪು ದಾರ ಮುಗಿದು, ಮತ್ತೊಂದು ಛಾಯೆಯ ಕೆಂಪು ಶುರುವಾಗಿತ್ತು. ಎರಡು ಬೇರೆ ಸೀರೆಯ ಅಂಚು ಇರಬೇಕು.

'ಅಮ್ಮ, ಇದು ನಮ್ಮ ಕೌದಿ ಅಲ್ವಾ?' ಅಂದಳು ಮಗಳು.

ಹೌದು, ಕೌದಿಯ ಬಳಗವೇ. ನಮ್ಮದರಲ್ಲಿ ಚಿತ್ರ ಕಡಿಮೆ, ಬಣ್ಣಬಣ್ಣದ ತುಂಡು ಜಾಸ್ತಿ. ಹಳೇ ಸೀರೆ, ಅದೇ ಹೊಲಿಗೆ, ಅದೇ ಸುಕ್ಕು.

ಕ್ರಾಮ್ರಿಶ್ ಕಲ್ಕತ್ತಾದಲ್ಲಿದ್ದಾಗಲೇ ಕಾಂಥಾ ಕೂಡಿಸಲು ಶುರುಮಾಡಿದರು. 1939ರಲ್ಲೇ ಅದರ ಬಗ್ಗೆ ಲೇಖನ ಬರೆದರು. ಹರಿದದ್ದನ್ನು, ಕೆಲಸಕ್ಕೆ ಬಾರದ್ದನ್ನು ಮತ್ತೆ ಇಡಿಯಾಗಿ ಮಾಡುವ ಕೆಲಸ ಅಂತ ಅದನ್ನು ಕಂಡರು. ಅದೇ ವರ್ಷಗಳಲ್ಲಿ ಅವರ ತಲೆ ತುಂಬಾ ದೇವಾಲಯವಿತ್ತು. ಗಾಜಿನ ಮುಂದೆ ನಿಂತಾಗ ಅದು ನನಗೆ ಹೊಳೆಯಿತು. ಚೌಕ, ನಡುವಿನ ಕಮಲ, ನಾಲ್ಕು ದಿಕ್ಕು. ಶಿಲ್ಪಿ ನೆಲದ ಮೇಲೆ ಬರೆದದ್ದನ್ನು ಇಲ್ಲಿ ಯಾರೋ ಒಬ್ಬಾಕೆ ಮಡಿಲಲ್ಲಿ ಬಟ್ಟೆ ಇಟ್ಟುಕೊಂಡು ಸೂಜಿಯಲ್ಲಿ ಬರೆದಿದ್ದಾಳೆ. ಗುಡಿಯನ್ನು ನೋಡಿದ ಕಣ್ಣಿನಿಂದಲೇ ಕ್ರಾಮ್ರಿಶ್ ಇದನ್ನೂ ನೋಡಿದರು. ಒಂದು ಮೇಲು, ಇನ್ನೊಂದು ಮನೆಗೆಲಸ ಅಂತ ಬೇರೆ ಮಾಡಲಿಲ್ಲ. 1968ರಲ್ಲಿ ಇದೇ ಮ್ಯೂಸಿಯಂನಲ್ಲಿ ಹಳ್ಳಿ ಮತ್ತು ಬುಡಕಟ್ಟು ಜನರ ಕಲೆಗೇ ಮೀಸಲಾದ ಪ್ರದರ್ಶನ ಮಾಡಿದರು. 1981ರಲ್ಲಿ ಶಿವನ ಮೂರ್ತಿ, ಚಿತ್ರಗಳ ದೊಡ್ಡ ಪ್ರದರ್ಶನ ಕಟ್ಟಿದಾಗ ಅವರಿಗೆ ಎಂಬತ್ತೈದು ಸಮೀಪಿಸಿತ್ತು. ಜನ ಶಿವನ ಪ್ರದರ್ಶನದ ಬಗ್ಗೆ ಹೆಚ್ಚು ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ 1968ರದ್ದು ಇನ್ನೂ ಧೈರ್ಯದ ಕೆಲಸ.

ಕಾಂಥಾದ ಪಕ್ಕದ ಚೀಟಿ ಓದಿದೆ. ಕೊಟ್ಟವರ ಜಾಗದಲ್ಲಿ ಸ್ಟೆಲ್ಲಾ ಕ್ರಾಮ್ರಿಶ್ ಸಂಗ್ರಹ ಅಂತಿತ್ತು. 1993ರಲ್ಲಿ ಅವರು ತೀರಿಕೊಂಡ ಮೇಲೆ ಅವರು ಕೂಡಿಸಿದ್ದು ಬಹಳಷ್ಟು ಮ್ಯೂಸಿಯಂಗೇ ಸೇರಿತು. ಮಾಡಿದವರ ಜಾಗದಲ್ಲಿ ಮಾತ್ರ ಯಾರೆಂದು ಗೊತ್ತಿಲ್ಲ ಅಂತಿತ್ತು. ಅಷ್ಟು ಹೊಲಿಗೆ, ಹೆಸರಿಲ್ಲ. ತುಂಬಾ ಬೇಜಾರಾಯಿತು. ಈ ಬಟ್ಟೆ ಉಳಿದದ್ದಾದರೂ ಒಬ್ಬರು ಇದನ್ನು ಕಲೆ ಅಂದಿದ್ದರಿಂದ. ಉಳಿಯದೇ ನೆಲ ಒರೆಸುವ ಬಟ್ಟೆಯಾದವು ಎಷ್ಟೋ.

ರಾತ್ರಿ ಊರಿನಲ್ಲಿರುವ ಅತ್ತಿಗೆಗೆ ಫೋನ್ ಮಾಡಿದೆ. ಅಲ್ಲಿ ಬೆಳಗಾಗಿತ್ತು.

'ವೈನಿ, ಟ್ರಂಕಿನ್ಯಾಗಿನ ಕೌದಿ ಅವಲ್ಲ, ಯಾವುದು ಯಾರು ಹೊಲದದ್ದು ಅಂತ ನಿಮಗ ಗೊತ್ತದನ?'

'ಯಾಕವಾ, ಮಾರವರಿದ್ದಿಯೇನು?'

'ಇಲ್ಲ ವೈನಿ, ಬರದಿಡಬೇಕು.'

ಸ್ವಲ್ಪ ಹೊತ್ತು ಟ್ರಂಕು ಎಳೆದ ಸದ್ದು. ಆಮೇಲೆ ಒಂದೊಂದೇ ಹೇಳುತ್ತಾ ಹೋದರು. ಕೆಂಪು ಅಂಚಿನದು ನಮ್ಮ ಆಯಿದು. ತೊಟ್ಟಿಲ ಕೌದಿ ಸಣ್ಣವ್ವಂದು, ನಾನು ಹುಟ್ಟುವ ಮೊದಲಿನದು. ಇಳಕಲ್ ಸೀರೆ ತುಂಡಿರುವುದನ್ನು ಓಣಿಯ ಇಬ್ಬರು ಹೆಂಗಸರು ಸೇರಿ ಹೊಲಿದದ್ದು, ಅವರಿಬ್ಬರ ಹೆಸರೂ ಹೇಳಿದರು. ನಾನು ಬರೆದುಕೊಂಡೆ. ಇನ್ನೊಂದು ಯಾರದು ಅಂತ ಅವರಿಗೂ ಗೊತ್ತಿರಲಿಲ್ಲ. ಓಣಿಯ ಹಿರಿಯರೊಬ್ಬರನ್ನು ಕೇಳಿ ನಾಳೆ ಹೇಳುತ್ತೇನೆ ಅಂದರು.